ಭಾನುವಾರದ ಓದು: ಟೆಡ್ ಕೂಸರ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ನಾವು ಓದಲಿರುವುದು ಅಮೆರಿಕದ ಕವಿ ಟೆಡ್ ಕೂಸರ್ ಅವರನ್ನು. 1939ರಲ್ಲಿ ಅಯೋವಾ ರಾಜ್ಯದ ಏಮ್ಸ್‌ನಲ್ಲಿ ಹುಟ್ಟಿ, ನೆಬ್ರಾಸ್ಕದಲ್ಲಿ ನೆಲೆ ನಿಂತವರು. ಹೊಟ್ಟೆಪಾಡಿಗೆ ಜೀವವಿಮಾ ಕಂಪನಿಯ ಕೆಲಸ. ದಶಕಗಳ ಕಾಲ ದುಡಿದು ಉಪಾಧ್ಯಕ್ಷರೂ ಆದರು. ಬರೆಯುವುದೆಲ್ಲ ನಸುಕಿನಲ್ಲಿ, ಕಚೇರಿಗೆ ಹೊರಡುವ ಮುಂಚೆ. ಬರೆದದ್ದನ್ನು ಕಚೇರಿಯ ಕಾರ್ಯದರ್ಶಿಗೆ ತೋರಿಸುತ್ತಿದ್ದರಂತೆ. ಆಕೆಗೆ ಅರ್ಥವಾಗದಿದ್ದರೆ ಮತ್ತೆ ತಿದ್ದುವುದು! ನಮ್ಮ ಗುಂಪಿನ ಕವಿಗಳು ಗಮನಿಸಬೇಕು, ನಾನೂ ಸೇರಿದಂತೆ.

1998ರಲ್ಲಿ ಕ್ಯಾನ್ಸರ್ ಬಂತು, ಬರವಣಿಗೆ ನಿಂತೇಹೋಯಿತು. ವಿಕಿರಣ ಚಿಕಿತ್ಸೆಯಿಂದಾಗಿ ಬಿಸಿಲಿಗೆ ಮೈಯೊಡ್ಡುವಂತಿರಲಿಲ್ಲ. ಹಾಗಾಗಿ ಸೂರ್ಯ ಮೂಡುವ ಮೊದಲೇ ಹಳ್ಳಿಯ ರಸ್ತೆಗಳಲ್ಲಿ ನಡೆಯತೊಡಗಿದರು. ನವೆಂಬರಿನ ಒಂದು ಬೆಳಿಗ್ಗೆ ನಡಿಗೆ ಮುಗಿಸಿ ಬಂದವರಿಗೆ ಪದ್ಯವೊಂದು ಒಲಿಯಿತು. ಆಮೇಲೆ ಪುಟ್ಟ ಪದ್ಯಗಳನ್ನು ಅಂಚೆ ಕಾರ್ಡಿಗೆ ಅಂಟಿಸಿ ಗೆಳೆಯ, ಲೇಖಕ ಜಿಮ್ ಹ್ಯಾರಿಸನ್‌ಗೆ ಕಳಿಸುತ್ತಾ ಹೋದರು. ಹಾಗೆ ಕೂಡಿದ ನೂರು ಕಾರ್ಡುಗಳು 2000ದಲ್ಲಿ ಪುಸ್ತಕವಾದವು. ಪದ್ಯಕ್ಕೆ ಶೀರ್ಷಿಕೆಯೆಂದರೆ ದಿನಾಂಕ. ಅದರ ಕೆಳಗೆ ಅಂದಿನ ಚಳಿ, ಗಾಳಿ, ಮೋಡದ ಒಂದು ಸಾಲು. ರೋಗದ ಗೋಳು ಅಲ್ಲಿ ಕಡಿಮೆ. ನನಗೆ ಹಿಡಿಸಿದ್ದೇ ಅದು.

2004ರಿಂದ 2006ರವರೆಗೆ ಅಮೆರಿಕದ ರಾಷ್ಟ್ರಕವಿ (ನಮ್ಮಲ್ಲಿಯಂತೆ ಜೀವನಪೂರ್ತಿಯ ಬಿರುದಲ್ಲ, ಅವಧಿಯ ಹುದ್ದೆ), 2005ರಲ್ಲಿ ಕಾವ್ಯಕ್ಕಾಗಿ ಪುಲಿಟ್ಜರ್ ಪ್ರಶಸ್ತಿ.

ಪ್ರತಿಯೊಬ್ಬರೂ ಒಂದು ಅಂಚೆ ಕಾರ್ಡು ತನ್ನಿ, ಅಂದು ಬೆಳಿಗ್ಗೆ ಕಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆದುಕೊಂಡು. ಬರುವವರು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಿ. ಉತ್ತರವಾಗಿ ಶುಭೋದಯದ ಚಿತ್ರ ದಯವಿಟ್ಟು ಬೇಡ.