ವಾರಕ್ಕೊಂದು ಅಂತ ಕನ್ನಡದಲ್ಲೇ ಬರೆಯಿರಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಆರೋಗ್ಯ ಪುಟದಲ್ಲಿ ಮಳೆಗಾಲದ ಶೀತ-ಜ್ವರದ ಬಗ್ಗೆ ಲೇಖನ ಬಂದಿತ್ತು. ವಿಟಮಿನ್ ಡಿ ಕಡಿಮೆ ಇದ್ದವರನ್ನು ವೈರಲ್ ಜ್ವರ ಜಾಸ್ತಿ ಕಾಡುತ್ತದೆ, ಅದಕ್ಕೆ ಡಿ ತಗೊಳ್ಳಿ ಅಂತ ಅದರಲ್ಲಿತ್ತು. ಎಷ್ಟು ತಗೋಬೇಕು, ಎಷ್ಟು ದಿನಕ್ಕೊಮ್ಮೆ ಅನ್ನುವುದು ಇರಲಿಲ್ಲ. ಮಾರನೇ ದಿನವೇ ಆ ಪುಟ ಮಡಚಿ ಹಿಡಿದುಕೊಂಡು ಮೂವರು ನನ್ನ ಅಂಗಡಿಗೆ ಬಂದರು. "ಅರವತ್ತು ಸಾವಿರದ್ದು ಕೊಡಿ" ಅಂದರು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಾಗರದಲ್ಲಿ 22 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಅರವತ್ತು ಸಾವಿರದ್ದು ಅಂದರೆ ಒಂದು ಗ್ರಾಂ ಪುಡಿಯ ಚಿಕ್ಕ ಪ್ಯಾಕೆಟ್. ಅದರಲ್ಲಿ 60,000 ಯೂನಿಟ್ ವಿಟಮಿನ್ ಡಿ ಇರುತ್ತದೆ. ವಾರಕ್ಕೊಂದರಂತೆ ಎಂಟು ವಾರ ಹಾಲಿನಲ್ಲಿ ಕಲಸಿ ಕುಡಿಯಿರಿ ಅಂತ ಡಾಕ್ಟರು ಬರೆಯುವುದು ವಾಡಿಕೆ.

ಹೋದ ವರ್ಷ ಆಷಾಢದಲ್ಲಿ ನನ್ನ ಅಮ್ಮನಿಗೆ ಜ್ವರ, ಕೆಮ್ಮು ಬಂತು. ಅಮ್ಮನಿಗೆ 74 ವರ್ಷ. ಹೊಸನಗರದ ಹತ್ತಿರ ಹಳ್ಳಿಯಲ್ಲಿ ತಮ್ಮನ ಜೊತೆ ಇದ್ದಾಳೆ. ತಮ್ಮ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ರಕ್ತ ಪರೀಕ್ಷೆಯಲ್ಲಿ ಡಿ 13 ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ. ಮಾತ್ರೆಗಳ ಜೊತೆ ಈ ಪುಡಿಯನ್ನೂ ಬರೆದುಕೊಟ್ಟರು. ವಾರಕ್ಕೊಮ್ಮೆ ಅಂತ ಚೀಟಿಯಲ್ಲಿ ಇತ್ತು, ಆದರೆ ಇಂಗ್ಲಿಷಿನಲ್ಲಿ, ಗೀಚಿದ ಹಾಗೆ. ಬಾಯಲ್ಲಿ ಯಾರೂ ಹೇಳಲಿಲ್ಲ. ಅಮ್ಮ ದಿನಾ ಬೆಳಿಗ್ಗೆ ಒಂದು ಕುಡಿದಳು.

ಕೆಮ್ಮು ಹತ್ತು ದಿನಕ್ಕೆ ಹೋಯಿತು. ಸುಮ್ನೆ ಬಿಟ್ಟಿದ್ದರೂ ಅಷ್ಟೊತ್ತಿಗೆ ಹೋಗುವ ಕೆಮ್ಮೇ ಅದು. ಪುಡಿಯಿಂದಲೇ ಹೋಯಿತು ಅಂತ ಅಮ್ಮನಿಗೆ ನಂಬಿಕೆ ಬಂತು. ತಮ್ಮ ಪೇಟೆಗೆ ಹೋದಾಗಲೆಲ್ಲ ಅದೇ ಹಳೆ ಚೀಟಿ ತೋರಿಸಿ ಮತ್ತೆ ಮತ್ತೆ ತಂದ. ಕೊಟ್ಟ ಅಂಗಡಿಯವರು ಒಂದು ಮಾತು ಕೇಳಲಿಲ್ಲ. ನನಗೂ ಯಾರೂ ಹೇಳಲಿಲ್ಲ. ವಿಟಮಿನ್ ತಾನೇ, ಅದನ್ನೇನು ಹೇಳುವುದು ಅಂದುಕೊಂಡಿದ್ದರು.

ಗೌರಿ ಹಬ್ಬಕ್ಕೆ ತವರಿಗೆ ಹೋದೆ. ಅಮ್ಮ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ದೊಡ್ಡ ಚೊಂಬು. ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತದೆ ಅಂದಳು. ಐದು ದಿನದಿಂದ ಹೊಟ್ಟೆ ಸರಿಯಾಗಿ ಹೋಗಿರಲಿಲ್ಲ. ಕಡುಬು ಬಾಯಿಗಿಟ್ಟ ಕೂಡಲೇ ವಾಂತಿ. "ಯಾವಾಗ ಬಂದ್ಯೇ?" ಅಂತ ಒಂದು ಗಂಟೆಯೊಳಗೆ ನಾಲ್ಕು ಸಲ ಕೇಳಿದಳು. ನನಗೆ ಭಯವಾಯಿತು. ಏನೇನು ಔಷಧಿ ತಗೊಳ್ಳುತ್ತೀಯ ಅಂದೆ. ದೇವರ ಗೂಡಿನ ಕೆಳಗಿಂದ ಒಂದು ಡಬ್ಬಿ ತೆಗೆದುಕೊಟ್ಟಳು. ಅಮ್ಮ ಯಾವುದನ್ನೂ ಬಿಸಾಕುವವಳಲ್ಲ. ಖಾಲಿ ಪ್ಯಾಕೆಟ್ಟುಗಳನ್ನು ಒಂದರ ಮೇಲೊಂದು ನೀಟಾಗಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಳು. ನಾನು ಎಣಿಸಿದೆ. 43 ಇದ್ದವು. ಆರೋ ಏಳೋ ಇರಬೇಕಾದ ಕಡೆ 43. ಇಪ್ಪತ್ತೈದು ಲಕ್ಷ ಯೂನಿಟ್ ದಾಟಿತ್ತು.

ಅವತ್ತೇ ಆಸ್ಪತ್ರೆಗೆ ಸೇರಿಸಿದೆವು. ಡಿ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಅಮ್ಮನದು 13.6 ಇತ್ತು. ಹತ್ತೂವರೆ ದಾಟಬಾರದು. ಕಿಡ್ನಿಗೂ ಪೆಟ್ಟು ಬೀಳಲು ಶುರುವಾಗಿತ್ತು. ಆರು ದಿನ ಡ್ರಿಪ್ ಹಾಕಿದರು. ಬಿ, ಸಿ ಥರ ಡಿ ಮೂತ್ರದಲ್ಲಿ ಹೋಗಿಬಿಡುವ ವಿಟಮಿನ್ ಅಲ್ಲ. ಮೈಯ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನಕ್ಕೆ ಬಿಡುತ್ತದೆ. ಅಮ್ಮನ ಮಟ್ಟ ಸರಿಯಾಗಲು ಸಂಕ್ರಾಂತಿವರೆಗೆ ಕಾಯಬೇಕಾಯಿತು. ಈಗ ಹುಷಾರಾಗಿದ್ದಾಳೆ.

ಇನ್ನು ಲೇಖನದ ವಿಷಯ. ಡಿ ಕಡಿಮೆ ಇದ್ದವರಲ್ಲಿ ಕಾಯಿಲೆ ಜೋರಾಗಿರುತ್ತದೆ ಅನ್ನುವುದು ಸುಳ್ಳಲ್ಲ. 2020ರಲ್ಲಿ ಕೋವಿಡ್ ಬಂದಾಗ ಎಷ್ಟೋ ದೇಶಗಳ ಆಸ್ಪತ್ರೆಗಳಲ್ಲಿ ಇದನ್ನೇ ಕಂಡರು. ನನ್ನ ಅಂಗಡಿಯಲ್ಲೂ ಡಿ, ಸಿ, ಜಿಂಕ್ ಮೂರೂ ಖಾಲಿಯಾಗಿ ಸ್ಟಾಕಿಗೆ ಪರದಾಡಿದ್ದೆ. ಆದರೆ ಕಡಿಮೆ ಇದ್ದದ್ದರಿಂದಲೇ ಕಾಯಿಲೆ ಜೋರಾಯಿತಾ? ನಮ್ಮ ಕಡೆ ಮಳೆ ಹೆಚ್ಚಾದ ವರ್ಷ ಅಡಿಕೆಗೆ ಕೊಳೆರೋಗವೂ ಜಾಸ್ತಿ, ತೋಟದಲ್ಲಿ ಇಂಬಳವೂ (ಜಿಗಣೆ) ಜಾಸ್ತಿ. ಇಂಬಳ ಹಿಡಿದು ಹಾಕಿದರೆ ಕೊಳೆ ನಿಲ್ಲುತ್ತದೆ ಅಂತ ಯಾರೂ ಹೇಳುವುದಿಲ್ಲ ಅಲ್ವಾ? ವಯಸ್ಸಾದವರು, ಮೈತೂಕ ಜಾಸ್ತಿ ಇರುವವರು, ಮನೆ ಬಿಟ್ಟು ಹೊರಗೆ ಹೋಗಲಾಗದವರು, ಇವರಲ್ಲಿ ಡಿ ಮೊದಲೇ ಕಡಿಮೆ. ವೈರಸ್ಸಿಗೆ ಜಾಸ್ತಿ ನರಳುವವರೂ ಇವರೇ. ಅದೂ ಅಲ್ಲದೆ ಮೈಯಲ್ಲಿ ಉರಿಯೂತ ಎದ್ದಾಗ ರಕ್ತದಲ್ಲಿ ಡಿ ಮಟ್ಟ ತಾನಾಗಿಯೇ ಇಳಿಯುತ್ತದೆ. ಜ್ವರದ ನಡುವೆ ಪರೀಕ್ಷೆ ಮಾಡಿಸಿದರೆ ಬರುವ ಅಂಕಿಯಲ್ಲಿ ಜ್ವರದ ಪಾಲೂ ಇರುತ್ತದೆ. ಅಮ್ಮನ 13 ಕೂಡ ಜ್ವರದಲ್ಲೇ ತೆಗೆದದ್ದು.

ಅದಕ್ಕೇ ಕೊಟ್ಟು ನೋಡಬೇಕು, ಕೊಡದವರ ಜೊತೆ ಹೋಲಿಸಬೇಕು. ಹಾಗೆ ಮಾಡಿಯೂ ನೋಡಿದ್ದಾರೆ. ಬ್ರೆಜಿಲ್‌ನಲ್ಲಿ ಕೋವಿಡ್‌ನಿಂದ ಆಸ್ಪತ್ರೆ ಸೇರಿದ 240 ಜನರಲ್ಲಿ ಅರ್ಧದಷ್ಟು ಜನಕ್ಕೆ ಒಂದೇ ಸಲ ಎರಡು ಲಕ್ಷ ಯೂನಿಟ್ ಡಿ ಕೊಟ್ಟರು. ಮನೆಗೆ ಹೋಗಲು ಇವರಿಗೂ ಅವರಿಗೂ ಅಷ್ಟೇ ದಿನ ಬೇಕಾಯಿತು. ಬ್ರಿಟನ್ನಿನಲ್ಲಿ 6,200 ಜನರ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಡಿ ಕಡಿಮೆ ಇದ್ದವರನ್ನು ಹುಡುಕಿ ಆರು ತಿಂಗಳು ದಿನಾ ಕೊಟ್ಟರೂ ಶೀತ-ಕೆಮ್ಮಾಗಲಿ ಕೋವಿಡ್ ಆಗಲಿ ಕಡಿಮೆಯಾಗಲಿಲ್ಲ. ನಾರ್ವೆಯಲ್ಲಿ 34,000ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಚಳಿಗಾಲವಿಡೀ ಡಿ ಇರುವ ಮೀನೆಣ್ಣೆ (ಕಾಡ್ ಲಿವರ್ ಆಯಿಲ್) ಕೊಟ್ಟಾಗಲೂ ಹಾಗೆಯೇ ಆಯಿತು.

ಚಂಡೀಗಢದ ಪಿಜಿಐ ಆಸ್ಪತ್ರೆಯಲ್ಲಿ ನಡೆದ ಕೋವಿಡ್ ಪ್ರಯೋಗವೊಂದರಲ್ಲಿ ಡಿ ಕೊಟ್ಟವರಿಗೆ ಬೇಗ ನೆಗೆಟಿವ್ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅದರಲ್ಲಿ ದಿನಾ 60,000 ಕೊಟ್ಟಿದ್ದರು. ಆದರೆ ಒಂದು ವಾರ, ಸಾಲದಿದ್ದವರಿಗೆ ಇನ್ನೊಂದು ವಾರ, ಅದೂ ರಕ್ತ ನೋಡಿಕೊಂಡು. ಇದ್ದವರು ಒಟ್ಟು 40 ಜನ. ದಿನಾ ಚೂರು ಚೂರು ತಗೊಂಡರೆ ತೀರಾ ಕೊರತೆ ಇದ್ದವರಿಗೆ ಶೀತ-ಕೆಮ್ಮು ಸ್ವಲ್ಪ ಕಡಿಮೆ ಅಂತ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ಮಾಡಿದ 2017ರ ದೊಡ್ಡ ಲೆಕ್ಕಾಚಾರವೊಂದು ಹೇಳಿತ್ತು. ಒಟ್ಟಿಗೆ ಸುರಿದುಕೊಂಡರೆ ಲಾಭವಿಲ್ಲ ಅಂತಲೂ ಅದರಲ್ಲೇ ಇತ್ತು. ಆಮೇಲೆ ಹೊಸ ಪ್ರಯೋಗಗಳು ಸೇರುತ್ತಾ ಹೋದ ಹಾಗೆ ಆ ಲಾಭವೂ ತೆಳುವಾಗುತ್ತಾ ಬಂತು. ಮೂಳೆಗೆ ಡಿ ಬೇಕೇ ಬೇಕು. ಕೊರತೆ ಇದ್ದವರು ಡಾಕ್ಟರು ಹೇಳಿದಷ್ಟು ತಗೊಳ್ಳಲಿ. ಬಂದ ಜ್ವರವನ್ನು ಓಡಿಸಲು ಅಂತ ಮಾತ್ರ ಬೇಡ.

ವಿಟಮಿನ್ನು ವೈರಸ್ ಕಾಯಿಲೆಯ ದಾರಿಯನ್ನೇ ಬದಲಿಸಿದ ಉದಾಹರಣೆ ಒಂದಿದೆ. ಅದು ಡಿ ಅಲ್ಲ, ಎ. ಕಾಯಿಲೆ ದಡಾರ. ಮೈಮೇಲೆ ಗುಳ್ಳೆ ಏಳುತ್ತದೆ ಅಂತ ಚರ್ಮದ ಕಾಯಿಲೆ ಅಂದುಕೊಳ್ಳುತ್ತೇವೆ. ಅದು ಹರಡುವುದು ಉಸಿರಿನಲ್ಲಿ, ಮಕ್ಕಳ ಜೀವ ಹೆಚ್ಚಾಗಿ ಹೋಗುವುದು ನ್ಯುಮೋನಿಯಾದಿಂದ. ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ ದಡಾರ ಜೋರಾಗಿದ್ದ 189 ಮಕ್ಕಳ ಮೇಲೆ ನಡೆದ ಅಧ್ಯಯನ 1990ರಲ್ಲಿ ಬಂತು. ವಿಟಮಿನ್ ಎ ಕೊಟ್ಟ 92 ಮಕ್ಕಳಲ್ಲಿ ತೀರಿಹೋದವರು ಇಬ್ಬರು. ಕೊಡದ 97 ಮಕ್ಕಳಲ್ಲಿ ಹತ್ತು. ಅಲ್ಲೂ ಅಳತೆ ಇದೆ. ವರ್ಷ ದಾಟಿದ ಮಗುವಿಗೆ ಎರಡು ಲಕ್ಷ ಯೂನಿಟ್, ಎರಡು ದಿನ ಒಂದೊಂದು ಡೋಸ್. 2025ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ದಡಾರ ಹಬ್ಬಿದಾಗ ಮನೆಯಲ್ಲೇ ವಿಟಮಿನ್ ಎ ಜಾಸ್ತಿ ಕೊಟ್ಟು, ಕೆಲವು ಮಕ್ಕಳ ಲಿವರ್ ಪರೀಕ್ಷೆಯಲ್ಲಿ ತೊಂದರೆ ಕಂಡಿತ್ತು. ನಮ್ಮಲ್ಲಿ ಒಂಬತ್ತು ತಿಂಗಳ ಮಗುವಿಗೆ ದಡಾರದ ಚುಚ್ಚುಮದ್ದಿನ ಜೊತೆ ಎ ಸಿರಪ್ ಹಾಕುವಾಗ ಸಿಸ್ಟರ್ ಗೆರೆ ಇರುವ ಚಮಚ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಒಂದು ಎಂಎಲ್ ಅಂದರೆ ಒಂದೇ ಎಂಎಲ್ ಹಾಕುತ್ತಾರೆ. ನನ್ನ ಮಗಳಿಗೂ ಹಾಗೆಯೇ ಹಾಕಿದ್ದರು. ಡಿ ಪುಡಿಗೂ ಅಷ್ಟೇ ನಿಗಾ ಬೇಕು.

ಸಂಪಾದಕರೇ, ನನ್ನ ಕೋರಿಕೆ ಇದು. ವಿಟಮಿನ್ ಬಗ್ಗೆ ಬರೆಯುವಾಗಲೆಲ್ಲ ಎಷ್ಟು, ಎಷ್ಟು ದಿನಕ್ಕೊಮ್ಮೆ, ಯಾವಾಗ ನಿಲ್ಲಿಸಬೇಕು ಅಂತಲೂ ಹಾಕಿ. ವಿಪರೀತ ಬಾಯಾರಿಕೆ, ವಾಂತಿ, ಮಲಬದ್ಧತೆ, ಪದೇ ಪದೇ ಮೂತ್ರ, ಮಂಕು ಕಂಡರೆ ಪುಡಿ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ ಅಂತ ಒಂದು ಚೌಕ ಕಟ್ಟಿ ದಪ್ಪ ಅಕ್ಷರದಲ್ಲಿ ಕೊಡಿ. ಡಾಕ್ಟರುಗಳೂ ಚೀಟಿಯಲ್ಲಿ "ವಾರಕ್ಕೊಂದು, ಭಾನುವಾರ" ಅಂತ ಕನ್ನಡದಲ್ಲೇ ಬರೆಯಲಿ.

ಈಗ ನನ್ನ ಅಂಗಡಿಯಲ್ಲಿ ಈ ಪುಡಿಯನ್ನು ಚೀಟಿ ಇಲ್ಲದೆ ಕೊಡುವುದಿಲ್ಲ. ಒಂದು ಸಲಕ್ಕೆ ನಾಲ್ಕೇ ಪ್ಯಾಕೆಟ್. ಒಂದೊಂದರ ಮೇಲೂ ಕುಡಿಯಬೇಕಾದ ತಾರೀಖನ್ನು ಮಾರ್ಕರ್ ಪೆನ್ನಿನಲ್ಲಿ ಬರೆದು, ಅವರ ಕೈಯಲ್ಲಿ ಒಮ್ಮೆ ಓದಿಸಿ ಕಳಿಸುತ್ತೇನೆ. ಆ ಪುಟ ಹಿಡಿದು ಬಂದ ಮೂವರ ಹತ್ತಿರವೂ ಚೀಟಿ ಇರಲಿಲ್ಲ. ಅವರನ್ನು ಕೂರಿಸಿಕೊಂಡು ಅಮ್ಮನ ಕಥೆ ಹೇಳಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದೆ.

ಇಂತಿ ನಿಮ್ಮ ಓದುಗಳು,
ಔಷಧಿ ಅಂಗಡಿಯವಳು, ಸಾಗರ