ಪಾಯಿನ್ಸೆಟಿಯಾ ಗಿಡಗಳನ್ನು ಎಸೆಯಬೇಡಿ

ಕೈತೋಟ ಗುಂಪಿನ ಎಲ್ಲರಿಗೂ ನಮಸ್ಕಾರ.

ಕ್ರಿಸ್‌ಮಸ್‌ಗೆಂದು ತಂದ ಪಾಯಿನ್ಸೆಟಿಯಾದ ಕೆಂಪು ಉದುರುತ್ತಿದೆ, ಇನ್ನು ಎಸೆಯಬಹುದೇ ಎಂದು ಹಲವರು ಕೇಳಿದ್ದೀರಿ. ದಯವಿಟ್ಟು ಎಸೆಯಬೇಡಿ. ಮೆಕ್ಸಿಕೊದ ಕಾಡುಗಳಲ್ಲಿ ಇದು ಆಳೆತ್ತರ ಮೀರಿ ಬೆಳೆಯುವ ಪೊದೆ. ಅಲ್ಲಿ ಅಮೆರಿಕದ ರಾಜತಾಂತ್ರಿಕರಾಗಿದ್ದ ಜೋಯೆಲ್ ಪಾಯಿನ್ಸೆಟ್ 1820ರ ದಶಕದಲ್ಲಿ ತಮ್ಮ ನಾಡಿಗೆ ಕಳುಹಿಸಿದ ಗಿಡಕ್ಕೆ ಅವರ ಹೆಸರೇ ನಿಂತಿತು. ಬೆಂಗಳೂರಿನ ಹವೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ನೆಲದಲ್ಲಿ ನೆಟ್ಟರೆ ವರ್ಷಗಟ್ಟಲೆ ಬಾಳುತ್ತದೆ.

ಫೆಬ್ರವರಿ ಕೊನೆಗೆ ಕೊಂಬೆಗಳನ್ನು ಗೇಣುದ್ದ ಉಳಿಸಿ ಕತ್ತರಿಸಿ. ಮೇಲ್ಮಣ್ಣು ಒಣಗಿದಾಗಷ್ಟೇ ನೀರು ಹಾಕಿ. ಕುಂಡದ ತಟ್ಟೆಯಲ್ಲಿ ನೀರು ನಿಂತರೆ ಬೇರು ಕೊಳೆಯುವುದು ಖಂಡಿತ.

ನಾವು ಹೂವೆಂದು ಮೆಚ್ಚುವ ಕೆಂಪು ನಿಜಕ್ಕೂ ಎಲೆ. ನಡುವಿನ ಪುಟ್ಟ ಹಳದಿ ಗುಂಡುಗಳೇ ಹೂಗೊಂಚಲು. ಆ ಎಲೆಗಳು ಕೆಂಪಾಗಲು ದೀರ್ಘ ರಾತ್ರಿ ಬೇಕು. ಅಕ್ಟೋಬರ್‌ನಿಂದ ಸುಮಾರು ಎಂಟು ವಾರ ಸಂಜೆಯಿಂದ ಬೆಳಗಿನವರೆಗೆ ಗಿಡಕ್ಕೆ ಕತ್ತಲೆಯೇ ಇರಲಿ. ಬೀದಿದೀಪವೋ ಬಾಲ್ಕನಿಯ ಬಲ್ಬೋ ರಾತ್ರಿಯಿಡೀ ಬೀಳುವ ಕಡೆ ಗಿಡ ಹಸಿರಾಗಿಯೇ ಉಳಿಯುತ್ತದೆ. ಗೊಬ್ಬರ ಎಷ್ಟು ಹಾಕಿದರೂ ಇದಕ್ಕೆ ಪರಿಹಾರವಿಲ್ಲ, ಜಾಗ ಬದಲಿಸಲೇಬೇಕು.

ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ, ಹಾಲಿನಂಥ ಸೊನೆ ತಾಗಿದರೆ ಕೆಲವರಿಗೆ ತುರಿಕೆಯಾಗುತ್ತದೆ. ಪ್ರಾಣಾಪಾಯದ ವಿಷವೆಂಬ ಮಾತು ಅತಿಶಯೋಕ್ತಿ. ಆದರೂ ಎಲೆ ತಿಂದರೆ ಹೊಟ್ಟೆ ಕೆಡಬಹುದು, ಮಕ್ಕಳು ಮತ್ತು ಸಾಕುಪ್ರಾಣಿಗಳ ಕೈಗೆಟುಕದಂತೆ ಇಡಿ.

ಕತ್ತರಿಸಿದ ಕಡ್ಡಿಗಳ ಸೊನೆ ತೊಳೆದು ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟರೆ ಬೇರು ಬಿಡುತ್ತವೆ. ಹೆಚ್ಚಿದ್ದವರು ಇಲ್ಲಿ ತಿಳಿಸಿ, ಬೇಕಾದವರು ಬಂದು ಒಯ್ಯುತ್ತಾರೆ.