ಅಪ್ಪನಿಗೆ ಸ್ಮಾರ್ಟ್‌ವಾಚ್ ಕೊಳ್ಳುವ ಮುನ್ನ

ಮಡಿಕೇರಿ

ಚಿರಂಜೀವಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ಕಕ್ಕಡ ಮಾಸದ ಮಳೆ ಹಿಡಿದು ಒಂಬತ್ತು ದಿನಗಳಾದವು. ಕರೆಂಟು ಬಂದರೆ ಒಂದು ಗಂಟೆ, ಹೋದರೆ ಒಂದು ದಿನ. ಮೊದಲ ಸಂಬಳದಲ್ಲಿ ಅಪ್ಪನಿಗೆ ಎರಡು ಸಾವಿರ ರೂಪಾಯಿಯ ಸ್ಮಾರ್ಟ್‌ವಾಚ್ ಕೊಡಿಸಬೇಕೆಂದಿರುವೆಯೆಂದೂ, ಅದು ಅವನ ಬಿಪಿಯನ್ನೂ ಎದೆಬಡಿತವನ್ನೂ ನೋಡಿಕೊಳ್ಳುವುದರಿಂದ ನೀನು ಮೈಸೂರಿನಲ್ಲಿ ನಿಶ್ಚಿಂತೆಯಿಂದ ಇರಬಹುದೆಂದೂ ನಿನ್ನ ದೊಡ್ಡಮ್ಮನೊಡನೆ ಹೇಳಿದೆಯಂತೆ. ನಿನ್ನ ಮನಸ್ಸು ಒಳ್ಳೆಯದು. ಆದರೆ ಆ ನಿಶ್ಚಿಂತೆ ಎರಡು ಸಾವಿರಕ್ಕೆ ಸಿಗುವ ವಸ್ತುವಲ್ಲವೆಂಬುದನ್ನು, ಅಂಥದೇ ವಾಚನ್ನು ಎರಡು ವರ್ಷ ಕೈಗೆ ಕಟ್ಟಿಕೊಂಡವನಾಗಿ ನಾನು ಹೇಳಲೇಬೇಕು.

ವಾಚಿನ ಅಡಿಯಲ್ಲಿ ಹಸಿರು ಬೆಳಕು ಮಿನುಗುವುದನ್ನು ನೀನು ನೋಡಿರಬಹುದು. ರಕ್ತವು ಆ ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ರಕ್ತದ ಪ್ರಮಾಣ ಏರಿಳಿಯುವುದರಿಂದ ಮರಳಿ ಬರುವ ಬೆಳಕೂ ಏರಿಳಿಯುತ್ತದೆ, ಅದನ್ನೆಣಿಸಿ ವಾಚು ನಾಡಿಬಡಿತ ಹೇಳುತ್ತದೆ. ಸುಮ್ಮನೆ ಕುಳಿತವನ ನಾಡಿಯನ್ನು ಅಗ್ಗದ ವಾಚು ಕೂಡ ತಕ್ಕಮಟ್ಟಿಗೆ ಸರಿಯಾಗಿಯೇ ಎಣಿಸುತ್ತದೆ. ಚಳಿಗೆ ಕೈ ತಣ್ಣಗಾಗಿ ರಕ್ತನಾಳಗಳು ಕುಗ್ಗಿದಾಗ, ಪಟ್ಟಿ ಸಡಿಲವಿದ್ದಾಗ, ಕೈ ಎಡೆಬಿಡದೆ ಆಡುತ್ತಿರುವಾಗ ಲೆಕ್ಕ ತಪ್ಪುತ್ತದೆ. ಗಿಡದ ರೆಂಬೆ ಸವರಿ ಕಪಾತು ಮಾಡುವವನ ಕೈ ಒಂದು ಗಳಿಗೆಯಾದರೂ ಸುಮ್ಮನಿರುವುದುಂಟೆ? ಒಮ್ಮೆ ತಮಾಷೆಗೆಂದು ನನ್ನ ವಾಚನ್ನು ದಪ್ಪನೆಯ ನೇಂದ್ರಬಾಳೆಕಾಯಿಗೆ ಕಟ್ಟಿ ನೋಡಿದೆವು, ಅದಕ್ಕೂ 78ರ ನಾಡಿ ಸಿಕ್ಕಿತು.

ಬಿಪಿಯ ಸಂಗತಿ ಇನ್ನೂ ಸೂಕ್ಷ್ಮ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ರಕ್ತನಾಳವನ್ನು ಒತ್ತಿ ಸಡಿಲಿಸುತ್ತ ಅಳೆಯಬೇಕಾದ ಒತ್ತಡವನ್ನು ಬರಿಯ ಬೆಳಕಿನಿಂದ ಅಂದಾಜು ಮಾಡಬಹುದೇ ಹೊರತು ನೇರವಾಗಿ ಅಳೆಯಲಾಗದು. ಸ್ಯಾಮ್‌ಸಂಗ್‌ನ ದುಬಾರಿ ಗ್ಯಾಲಕ್ಸಿ ವಾಚಿನಲ್ಲಿ ಬಿಪಿ ನೋಡುವವರು ಕೂಡ 28 ದಿನಕ್ಕೊಮ್ಮೆ ತೋಳಿನ ಯಂತ್ರದಿಂದ ಅಳೆದು ವಾಚಿಗೆ ಲೆಕ್ಕ ಹೊಂದಿಸಿಕೊಡಬೇಕು. ಹೀಗಿರುವಾಗ ಎರಡು ಸಾವಿರದ ವಾಚು ಏನನ್ನೂ ಕೇಳದೆ 120/80 ಎಂದು ತೋರಿಸಿದರೆ ಅನುಮಾನಿಸುವುದೇ ಜಾಣತನ. ಸೂಜಿ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆನ್ನುವ ವಾಚು, ಉಂಗುರಗಳನ್ನಂತೂ ನಂಬಬೇಡಿರೆಂದು, ಔಷಧ ಮತ್ತು ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿಯೇ ಜನರನ್ನು ಎಚ್ಚರಿಸಿದೆ.

ನನಗಿರುವ ಭಯ ಯಂತ್ರದ್ದಲ್ಲ, ನನ್ನ ತಮ್ಮನದು. ವಾಚು 118 ಎಂದು ತೋರಿಸಿದ ದಿನ ಅವನು ಮಾತ್ರೆ ಬಿಡುತ್ತಾನೆ. 160 ಎಂದು ತೋರಿಸಿದ ರಾತ್ರಿ ನಿನ್ನಮ್ಮ ನಿದ್ದೆಗೆಡುತ್ತಾಳೆ. ಎರಡು ಸಂಖ್ಯೆಗಳೂ ಸುಳ್ಳಾಗಿರಬಹುದು.

ತೋಟದಲ್ಲಿ ಏನಾದರೂ ಆದರೆ ವಾಚಿನಿಂದಲೇ ಕರೆ ಮಾಡಬಹುದಲ್ಲವೇ ಎಂದೂ ನೀನು ಕೇಳಿದೆಯಂತೆ. ಈ ಬೆಲೆಯ ವಾಚಿಗೆ ಸಾಮಾನ್ಯವಾಗಿ ತನ್ನದೇ ಸಿಮ್ ಇರುವುದಿಲ್ಲ. ಬ್ಲೂಟೂತ್ ಮೂಲಕ ಅದು ಫೋನಿನ ಮೈಕು, ಸ್ಪೀಕರುಗಳಾಗಿ ದುಡಿಯುತ್ತದೆ, ಅಷ್ಟೆ. ಫೋನಿನಿಂದ ಹತ್ತು ಮೀಟರಿನಷ್ಟು ದೂರ ಸರಿದರೆ, ನಡುವೆ ಒಂದೆರಡು ಗೋಡೆಗಳಿದ್ದರಂತೂ ಇನ್ನೂ ಬೇಗ, ಆ ಸಂಬಂಧ ಕಡಿಯುತ್ತದೆ. ನಿನ್ನಪ್ಪನೋ ಮಳೆಗೆ ನೆನೆದೀತೆಂದು ಫೋನನ್ನು ಜಗಲಿಯಲ್ಲಿಟ್ಟು ತೋಟಕ್ಕಿಳಿಯುವವನು. ಜೇಬಿನಲ್ಲಿಯೇ ಇಟ್ಟುಕೊಂಡನೆನ್ನು, ನಾಪೋಕ್ಲಿನ ಆ ಇಳಿಜಾರಿನಲ್ಲಿ ಫೋನಿಗೇ ಸಿಗ್ನಲ್ ಸಿಗದಿರುವಾಗ ವಾಚು ಯಾರನ್ನು ಕರೆದೀತು?

ನೀರಿನ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಓದಿ ಮೋಸಹೋದವನು ನಾನೇ. ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇಟ್ಟರೂ ಕೆಡದೆಂದು ಪರೀಕ್ಷೆಯಾಗಿದೆಯೆಂದು ಅರ್ಥ. ಐಪಿ68ರಲ್ಲಿ ಅದಕ್ಕಿಂತ ಕಠಿಣ ಷರತ್ತನ್ನು ತಯಾರಕರೇ ಹೇಳಿರುತ್ತಾರೆ. ಆ ಪರೀಕ್ಷೆ ನಿಂತ ತಿಳಿನೀರಿನದು, ಸಾಬೂನಿನದಲ್ಲ, ಬಿಸಿ ಹಬೆಯದೂ ಅಲ್ಲ. ನಾನು ತೋಟದಿಂದ ಬಂದವನೇ ಹಂಡೆಯ ಸುಡುನೀರಿನಲ್ಲಿ ವಾಚಿನೊಂದಿಗೇ ಸ್ನಾನ ಮಾಡಿದೆ. ಎರಡನೆಯ ಮಳೆಗಾಲದ ಹೊತ್ತಿಗೆ ಗಾಜಿನೊಳಗೆ ಮಂಜು ಕಟ್ಟಿತ್ತು. ನೀರು ಹೊಕ್ಕದ್ದಕ್ಕೆ ವಾರಂಟಿ ಇಲ್ಲವೆಂದು ಅಂಗಡಿಯವನು ಕೈಯಾಡಿಸಿಬಿಟ್ಟ.

ಇಷ್ಟು ದೂರಿದ ಮೇಲೂ ಅದನ್ನು ನಿಷ್ಪ್ರಯೋಜಕವೆಂದು ಹೇಳಲಾರೆ. ಅದರ ಯಂತ್ರ ಸರಳವಾದ್ದರಿಂದಲೇ ಒಮ್ಮೆ ಚಾರ್ಜ್ ಮಾಡಿದರೆ ಐದಾರು ದಿನ ನಡೆಯುತ್ತದೆ, ಇದು ಈ ಮಳೆಗಾಲದ ಕೊಡಗಿನಲ್ಲಿ ದೊಡ್ಡ ಮಾತು. ದಿನಕ್ಕೊಂದು ಬಾರಿ ಕರೆಂಟು ಬೇಡುವ ದುಬಾರಿ ವಾಚು ಇಲ್ಲಿ ಎರಡನೆಯ ದಿನವೇ ಕಣ್ಣು ಮುಚ್ಚುತ್ತಿತ್ತು. ನನ್ನ ವಾಚು ರಾತ್ರಿ ಎಂಟಕ್ಕೆ ಮಣಿಕಟ್ಟಿನಲ್ಲಿ ನಡುಗಿ ಮಾತ್ರೆಯ ಹೊತ್ತನ್ನು ನೆನಪಿಸುತ್ತಿತ್ತು. ಆ ಎರಡು ವರ್ಷ ನಾನು ಒಂದು ಮಾತ್ರೆಯನ್ನೂ ಮರೆಯಲಿಲ್ಲ. ಹೆಜ್ಜೆಗಳ ಲೆಕ್ಕ ಮಾತ್ರ ನಗೆಪಾಟಲು, ಜೀಪಿನಲ್ಲಿ ತೋಟದ ರಸ್ತೆ ಹಿಡಿದರೆ ಕುಳಿತಲ್ಲಿಯೇ ಸಾವಿರ ಹೆಜ್ಜೆ ನಡೆದಿರುತ್ತಿದ್ದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬ ಆ ಗುರಿಯೂ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆಮಾಪಕದ ಹೆಸರಿನಿಂದ ಹುಟ್ಟಿಕೊಂಡದ್ದು, ವೈದ್ಯರ ಚೀಟಿಯಿಂದ ಬಂದದ್ದಲ್ಲ.

ಕೊಳ್ಳುವುದೇ ಆದರೆ ಏಳೆಂಟು ಸಾವಿರದ ಬೆಲೆಗೆ ಗೀಟು ಹಾಕಿ ಕೆಳಗೆ ಬರೆದಿರುವ ಬೆಲೆಗೆ ಮರುಳಾಗಬೇಡ, ಕೆಳಗಿನದೇ ಅದರ ನಿಜವಾದ ಬೆಲೆ. ಕನ್ನಡದ ಸಂದೇಶ ಅಕ್ಷರಗಳಾಗಿಯೇ ಕಾಣುತ್ತದೆಯೇ ಎಂದು ಅಂಗಡಿಯಲ್ಲಿಯೇ ನೋಡು, ನನ್ನದರಲ್ಲಿ ಬರಿಯ ಚೌಕಗಳು ಬರುತ್ತಿದ್ದವು. ಚಾರ್ಜ್ ಮಾಡುವ ಕೇಬಲ್ ಬಿಡಿಯಾಗಿ ಸಿಗುತ್ತದೆಯೇ ಎಂದೂ ಕೇಳಿಕೋ, ಏಕೆಂದರೆ ಒಂದರ ಕೇಬಲ್ ಇನ್ನೊಂದಕ್ಕೆ ಹೆಚ್ಚಾಗಿ ಕೂಡುವುದಿಲ್ಲ. ವಾಚಿನ ಆ್ಯಪ್ ಫೋನಿನಲ್ಲಿರುವ ಹೆಸರು, ನಂಬರುಗಳನ್ನೂ ಇರುವ ಜಾಗವನ್ನೂ ಕೇಳುತ್ತದೆ. ಬೇಕಾದದ್ದಕ್ಕೆ ಮಾತ್ರ ಒಪ್ಪಿಗೆ ಕೊಡು.

ಆದರೆ ನನ್ನ ಮಾತು ಕೇಳುವೆಯಾದರೆ, ಅದೇ ಎರಡು ಸಾವಿರಕ್ಕೆ ಮೊದಲು ತೋಳಿಗೆ ಕಟ್ಟಿ ಬಿಪಿ ನೋಡುವ ಯಂತ್ರವನ್ನು ತಾ. ಐದು ನಿಮಿಷ ಸುಮ್ಮನೆ ಕುಳಿತು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು ನೋಡಿ, ಬಂದ ಅಂಕಿಯನ್ನು ತೋಟದ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಟ್ಟರೆ ವೈದ್ಯರಿಗೆ ತೋರಿಸಬಹುದಾದ ದಾಖಲೆಯಾಗುತ್ತದೆ. ನೋಡುವ ಅರ್ಧ ಗಂಟೆ ಮೊದಲಿನಿಂದ ಕಾಫಿ ಕುಡಿದಿರಬಾರದು. ನಿನ್ನಪ್ಪನಿಗೆ ಕಷ್ಟವಾಗುವ ಷರತ್ತು ಇದೊಂದೇ. ವಾಚನ್ನು ಮುಂದಿನ ಸಂಬಳಕ್ಕೆ ಇಟ್ಟುಕೋ, ಮಾತ್ರೆಯ ಹೊತ್ತಿಗೆ ನಡುಗಲಿಕ್ಕೆ ಅದಿರಲಿ.

ಯಂತ್ರದೊಡನೆ ಬರುವ ಸಾಮಾನ್ಯ ಪಟ್ಟಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಸರಿಹೋಗುತ್ತದೆ, ಅಳತೆ ತಪ್ಪಿದರೆ ಬಿಪಿಯೂ ತಪ್ಪು ಬರುತ್ತದೆ. ನಿನ್ನಪ್ಪನ ತೋಳು ದಪ್ಪ. ಮಳೆ ಸ್ವಲ್ಪ ಬಿಟ್ಟೊಡನೆ ನಾಪೋಕ್ಲಿಗೆ ಹೋಗಿ ಅಳತೆ ತೆಗೆದು ತಿಳಿಸುತ್ತೇನೆ, ಅಲ್ಲಿಯವರೆಗೆ ಏನನ್ನೂ ಕೊಳ್ಳಬೇಡ.

ಇತಿ ನಿನ್ನ
ದೊಡ್ಡಪ್ಪ